ಕಂಪ್ರೆಷನ್ ಸ್ಟಾಕಿಂಗ್ಸ್: ದೀರ್ಘ ಬಳಕೆಯ ನಂತರದ ಅಭಿಪ್ರಾಯ

ಸಂಜೆಯ ಹೊತ್ತಿಗೆ ಕಾಲು ಭಾರವಾಗುವುದು, ಮೀನಖಂಡದ ಸೆಳೆತ, ಪಾದದ ಗಂಟಿನ ಊತ ಇವಕ್ಕೆಂದು ವರ್ಷಗಟ್ಟಲೆ ಬಳಸಿದ, ಮಂಡಿಯವರೆಗಿನ 20–30 ಎಂಎಂಎಚ್‌ಜಿ ಒತ್ತಡದ ಕಂಪ್ರೆಷನ್ ಸ್ಟಾಕಿಂಗ್ಸ್, ಅಂದರೆ ಕಾಲನ್ನು ಬಿಗಿಯಾಗಿ ಒತ್ತಿಹಿಡಿಯುವ ಕಾಲುಚೀಲದ ಬಗ್ಗೆ ಈ ವಿಮರ್ಶೆ. ಅಭಿಧಮನಿಯ (ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳದ) ಕವಾಟ ಸಡಿಲವಾಗಿ ರಕ್ತ ಕೆಳಗೇ ನಿಲ್ಲುವ ಕಾಲಿಗೆ ಇದು ನಿಜಕ್ಕೂ ಆಸರೆ. ಕವಾಟವನ್ನು ರಿಪೇರಿ ಮಾಡುವುದಿಲ್ಲ, ಹಾಕಿಕೊಂಡಷ್ಟು ಹೊತ್ತು ಮಾತ್ರ ಆರಾಮ. ಬೇರೆ ಕಾರಣದ ನೋವಿಗೆ ಹಾಕಿದರೆ ದುಡ್ಡೂ ವ್ಯರ್ಥ, ಸಮಯವೂ ವ್ಯರ್ಥ.

ಕೊಳ್ಳುವ ಮೊದಲು ಎಬಿಐ ಪರೀಕ್ಷೆ ಮಾಡಿಸಿ. ಪಾದದ ಗಂಟಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸುವ ಸರಳ ಪರೀಕ್ಷೆ ಇದು. 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅಪಧಮನಿ (ಹೃದಯದಿಂದ ರಕ್ತ ತರುವ ನಾಳ) ಕಿರಿದಾಗಿದೆ ಎಂದರ್ಥ. ಆಗ ವೈದ್ಯರು ಹೇಳದೆ ಸ್ಟಾಕಿಂಗ್ಸ್ ಹಾಕಬಾರದು. ಸಕ್ಕರೆ ಕಾಯಿಲೆ ಇರುವವರಲ್ಲಿ ರಕ್ತನಾಳ ಗಡುಸಾಗಿ 1.4ಕ್ಕಿಂತ ಹೆಚ್ಚು ಬರುವುದುಂಟು. ಅದನ್ನು ನೋಡಿ ಸಮಾಧಾನಪಡಬೇಡಿ, ಕಾಲ್ಬೆರಳಿನ ಒತ್ತಡವನ್ನೂ ಅಳೆಸಿ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಅಳತೆಯನ್ನು ಬೆಳಿಗ್ಗೆ, ಊತ ಬರುವ ಮೊದಲೇ ತೆಗೆಯಬೇಕು: ಪಾದದ ಗಂಟಿನ ಮೇಲೆ ಅತಿ ಸಣ್ಣಗಿರುವ ಜಾಗದ ಸುತ್ತಳತೆ, ಮೀನಖಂಡದ ಅತಿ ದಪ್ಪ ಜಾಗದ ಸುತ್ತಳತೆ, ಹಿಮ್ಮಡಿಯಿಂದ ಮಂಡಿಯ ಹಿಂದಿನ ಮಡಿಕೆವರೆಗಿನ ಉದ್ದ. ಚಪ್ಪಲಿಯ ಸೈಜ್ ನೋಡಿ ಕೊಟ್ಟದ್ದು ಬಹಳ ಸಲ ಹೊಂದುವುದಿಲ್ಲ. ಹಾಕುವಾಗ ಹಿಮ್ಮಡಿಯವರೆಗೆ ಒಳಮಗ್ಗುಲು ಹೊರಗೆ ಬರುವಂತೆ ತಿರುವಿ, ಪಾದ ತೂರಿಸಿ, ಹಿಮ್ಮಡಿ ಸರಿಯಾಗಿ ಕೂತ ಮೇಲೆ ರಬ್ಬರ್ ಕೈಗವಸು ಹಾಕಿದ ಅಂಗೈಯಿಂದ ಮೇಲಕ್ಕೆ ಸವರಬೇಕು. ತುದಿ ಹಿಡಿದು ಎಳೆದರೆ ಬಟ್ಟೆ ಎಲ್ಲ ಮೇಲೆ ಸೇರಿಕೊಳ್ಳುತ್ತದೆ. ಉದ್ದ ಹೆಚ್ಚಾಯಿತೆಂದು ಮೇಲಿನ ಅಂಚು ಮಡಿಸುವುದಂತೂ ಬೇಡವೇ ಬೇಡ. ಮಡಿಸಿದ ಕಡೆ ಒತ್ತಡ ಇಮ್ಮಡಿಯಾಗಿ, ಮಂಡಿಯ ಹೊರಬದಿಯ ಮೂಳೆಗಂಟಿನ ಕೆಳಗೆ ಹಾದುಹೋಗುವ ನರವನ್ನು ಅದುಮುತ್ತದೆ. ಪಾದದ ಮೇಲ್ಭಾಗ ಜೋಮು ಹಿಡಿದರೆ, ಹೆಬ್ಬೆರಳು ಮೇಲೆತ್ತಲು ಕಷ್ಟವಾದರೆ ಮೊದಲು ಈ ಅಂಚನ್ನೇ ನೋಡಿ. ಕಾಲ ಮೇಲೆ ಕಾಲು ಹಾಕಿ ಕೂರುವುದರಿಂದಲೂ ಅದೇ ನರಕ್ಕೆ ಒತ್ತಡ ಬೀಳುತ್ತದೆ.

ದಿನವೂ ಬಳಸಿದರೆ ಸುಮಾರು 6 ತಿಂಗಳಲ್ಲಿ ಹಿಡಿತ ಸಡಿಲವಾಗುತ್ತದೆ. ಹಾಕಿಕೊಳ್ಳುವುದು ಸಲೀಸಾಯಿತು ಎನ್ನಿಸಿದಾಗ ಅದು ಬದಲಿಸುವ ಕಾಲ. ಫ್ಯಾಬ್ರಿಕ್ ಕಂಡೀಷನರ್ ಮತ್ತು ಡ್ರೈಯರ್ ಬಿಸಿ ಎಲಾಸ್ಟಿಕ್ಕನ್ನು ಬೇಗ ಹಾಳುಮಾಡುತ್ತವೆ.

ಸರಿಯಾದ ಅಳತೆಯದನ್ನು ಕೆಲವು ವಾರ ಹಾಕಿಯೂ ನೋವು ಕದಲದಿದ್ದರೆ ಇನ್ನೂ ಬಿಗಿಯಾದದ್ದನ್ನು ಕೊಳ್ಳಬೇಡಿ. ನೋವು ಯಾವಾಗ ಬರುತ್ತದೆ, ಏನು ಮಾಡಿದರೆ ಇಳಿಯುತ್ತದೆ ಎಂದು ಬರೆದಿಟ್ಟುಕೊಳ್ಳಿ. ನಿಂತಷ್ಟೂ ಹೆಚ್ಚಾಗಿ, ಕಾಲು ಎತ್ತಿಟ್ಟರೆ ಇಳಿದರೆ ಅಭಿಧಮನಿಯ ತೊಂದರೆ. ಇಷ್ಟು ದೂರ ನಡೆದರೆ ಹಿಡಿದುಕೊಂಡು, ನಿಂತ ಕೆಲವೇ ನಿಮಿಷದಲ್ಲಿ ಬಿಡುವುದು ಅಪಧಮನಿಯದು. ಸುಮ್ಮನೆ ನಿಂತರೆ ಬಿಡದೆ, ಕೂತರೆ ಅಥವಾ ಮುಂದೆ ಬಾಗಿದರೆ ಮಾತ್ರ ಬಿಡುವುದು ಸೊಂಟದ ಬೆನ್ನುಹುರಿ ನಾಳ ಕಿರಿದಾದದ್ದರ ಲಕ್ಷಣ. ತೊಡೆಯ ಹೊರಬದಿಯಷ್ಟೇ ಉರಿದರೆ, ಬಿಗಿ ಬೆಲ್ಟ್ ಅಲ್ಲಿನ ನರವನ್ನು ಅದುಮುತ್ತಿರಬಹುದು, ಸಡಿಲಿಸಿ ನೋಡಿ.

ರಾತ್ರಿ ಎರಡೂ ಪಾದ ಉರಿಯುವವರು ಸಕ್ಕರೆ ಮತ್ತು ವಿಟಮಿನ್ ಬಿ12 ಪರೀಕ್ಷಿಸಿಕೊಳ್ಳಬೇಕು. ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ಬಹುಕಾಲ ತೆಗೆದುಕೊಳ್ಳುವವರಲ್ಲಿ ಬಿ12 ಕುಸಿಯಬಹುದು. ಮಲಗಿದೊಡನೆ ಕಾಲು ಅಲ್ಲಾಡಿಸಲೇಬೇಕೆನಿಸಿದರೆ ಹಿಮೋಗ್ಲೋಬಿನ್ ಪರೀಕ್ಷೆಯೊಂದೇ ಸಾಲದು, ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಹಿಮೋಗ್ಲೋಬಿನ್ ಸರಿಯಿದ್ದೂ ಕಬ್ಬಿಣದ ದಾಸ್ತಾನು ಬರಿದಾಗಿರಬಹುದು. ಬಿಪಿಗೆ ಕೊಡುವ ಆಮ್ಲೊಡಿಪಿನ್‌ನಿಂದಲೂ ಪಾದ ಊದಬಹುದು. ಮಾತ್ರೆಯನ್ನು ನೀವೇ ನಿಲ್ಲಿಸದೆ ವೈದ್ಯರಿಗೆ ಹೇಳಿ.

ರಕ್ತನಾಳದ ಹರಿವು ನೋಡುವ ಡಾಪ್ಲರ್ ಸ್ಕ್ಯಾನಿನ ರಿಪೋರ್ಟ್ 'ನಾರ್ಮಲ್' ಎಂದಿದ್ದರೆ ಅದನ್ನು ಹೇಗೆ ಮಾಡಿದರು ಎಂದು ಕೇಳಿ. ಕವಾಟದ ಸೋರಿಕೆ ನೋಡಲು ರೋಗಿ ನಿಂತಿರಬೇಕು. ಮಲಗಿಸಿ, ಹೆಪ್ಪುಗಟ್ಟಿದ ರಕ್ತವನ್ನಷ್ಟೇ ಹುಡುಕಿದ ಸ್ಕ್ಯಾನ್‌ನಲ್ಲಿ ಅದು ತಪ್ಪಿಹೋಗಬಹುದು. ಎಡಗಾಲು ಮಾತ್ರ, ತೊಡೆಯವರೆಗೂ ಊದುತ್ತಿದ್ದರೆ ಕಾಲಿನ ಸ್ಕ್ಯಾನ್ ಒಂದೇ ಸಾಕಾಗದು. ಸೊಂಟದೊಳಗೆ ಬಲಬದಿಯ ಅಪಧಮನಿ ಎಡಬದಿಯ ಅಭಿಧಮನಿಯನ್ನು ಬೆನ್ನುಮೂಳೆಗೆ ಒತ್ತುವ ಸ್ಥಿತಿಯೊಂದಿದೆ, ಮೇ-ಥರ್ನರ್ ಸಿಂಡ್ರೋಮ್ ಎಂದು ಹೆಸರು. ಹೊಟ್ಟೆಯ ಕೆಳಭಾಗದ ಅಭಿಧಮನಿಗಳನ್ನೂ ನೋಡಬೇಕೇ ಎಂದು ರಕ್ತನಾಳ ತಜ್ಞರನ್ನು ನೇರವಾಗಿ ಕೇಳಿ.