ಮನೆಯಲ್ಲೇ ಮಾಡುವ ಮಲಪರೀಕ್ಷೆಯ ಕಿಟ್: ಕೊಳವೆ ಚೆನ್ನಾಗಿದೆ, ಸೂಚನಾಪತ್ರ ಸಾಲದು

ದೊಡ್ಡ ಕರುಳಿನ ಕ್ಯಾನ್ಸರ್ ತಪಾಸಣೆಗೆಂದು ಮನೆಗೇ ತರಿಸಿಕೊಳ್ಳಬಹುದಾದ ಮಲಪರೀಕ್ಷೆಯ ಕಿಟ್ ಒಂದನ್ನು ಬಳಸಿ, ಅದರ ಫಲಿತಾಂಶದ ಬೆನ್ನು ಹಿಡಿದು ಕೊಲೊನೋಸ್ಕೋಪಿಯವರೆಗೂ, ಅಂದರೆ ಗುದದ್ವಾರದಿಂದ ಕ್ಯಾಮೆರಾ ನಳಿಕೆ ತೂರಿಸಿ ದೊಡ್ಡ ಕರುಳಿನ ಒಳಗನ್ನು ನೋಡುವ ಪರೀಕ್ಷೆಯವರೆಗೂ, ಹೋಗಿ ಬಂದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಈ ಬಗೆಯ ಕಿಟ್‌ಗಳ ವಿನ್ಯಾಸ ಬಹುಮಟ್ಟಿಗೆ ಒಂದೇ ಆಗಿರುವುದರಿಂದ ತಯಾರಕರ ಹೆಸರಿಗಿಂತ, ಕಿಟ್ ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು ಎಂಬುದೇ ಕೊಳ್ಳುವವರಿಗೆ ಹೆಚ್ಚು ಉಪಯೋಗಕ್ಕೆ ಬರುವ ಸಂಗತಿ.

ಪೆಟ್ಟಿಗೆಯೊಳಗೆ ಇರುವುದು ಬಹಳ ಕಡಿಮೆ: ಸ್ವಲ್ಪ ದ್ರಾವಣ ತುಂಬಿದ ಬೆರಳುದ್ದದ ಕೊಳವೆ, ಅದರ ಮುಚ್ಚಳಕ್ಕೆ ಅಂಟಿಕೊಂಡಂತಿರುವ ಗೀರುಗಳುಳ್ಳ ಕಡ್ಡಿ, ಮಲವು ನೀರಿಗೆ ಬೀಳದಂತೆ ತಡೆಯಲು ಒಂದು ಕಾಗದದ ಹಾಳೆ, ಹಿಂದಕ್ಕೆ ಕಳುಹಿಸಲು ಒಂದು ಚೀಲ ಮತ್ತು ನಾಲ್ಕು ಪುಟದ ಸೂಚನಾಪತ್ರ. ಕಡ್ಡಿಯಿಂದ ಮಲದ ಮೇಲ್ಮೈಯನ್ನು ಬೇರೆ ಬೇರೆ ಕಡೆ ಗೀರಿ, ಗೀರುಗಳಷ್ಟೇ ತುಂಬಿದ ಮೇಲೆ ಕೊಳವೆಯೊಳಕ್ಕೆ ತೂರಿಸಿ ಮುಚ್ಚಿದರೆ ನಮ್ಮ ಕೆಲಸ ಮುಗಿಯಿತು. ಒಮ್ಮೆ ಮುಚ್ಚಿದ ಕೊಳವೆ ಸೋರುವುದಿಲ್ಲ, ವಾಸನೆಯೂ ಹೊರಗೆ ಬರುವುದಿಲ್ಲ. ಹೆಚ್ಚು ತುಂಬಿದರೆ ಹೆಚ್ಚು ನಿಖರ ಎಂದು ಭಾವಿಸುವ ನನ್ನಂಥವರಿಗಾಗಿ, ಮಿಕ್ಕದ್ದನ್ನು ಒಳಬಾಯಿಯಲ್ಲೇ ಸವರಿ ತೆಗೆದುಬಿಡುವ ಏರ್ಪಾಡನ್ನೂ ಕೊಳವೆಯಲ್ಲಿ ಮಾಡಿದ್ದಾರೆ. ಹೇಸಿಗೆಯಿಂದಾಗಿ ವರ್ಷಗಟ್ಟಲೆ ಮುಂದೂಡಿದ ಕೆಲಸ ಹತ್ತು ನಿಮಿಷಕ್ಕೂ ಮೊದಲೇ ಮುಗಿದದ್ದು ನನಗೇ ನಾಚಿಕೆ ತಂದಿತು.

ಈ ಪರೀಕ್ಷೆ ಹುಡುಕುವುದು ಕ್ಯಾನ್ಸರನ್ನಲ್ಲ, ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ರಕ್ತವನ್ನು. ಮನುಷ್ಯರ ಹಿಮೋಗ್ಲೋಬಿನ್‌ನಲ್ಲಿರುವ ಗ್ಲೋಬಿನ್ ಎಂಬ ಭಾಗವನ್ನು ಪ್ರತಿಕಾಯಗಳ ಸಹಾಯದಿಂದ ಗುರುತಿಸುವುದು ಇದರ ತತ್ವ. ಮಲದಲ್ಲಿನ ರಕ್ತವನ್ನು ರಾಸಾಯನಿಕ ಕ್ರಿಯೆಯಿಂದ ಗುರುತಿಸುತ್ತಿದ್ದ ಹಿಂದಿನ ಗ್ವಾಯಾಕ್ ಪರೀಕ್ಷೆಗೆ ಮುನ್ನ ಕೆಂಪು ಮಾಂಸವನ್ನೂ ವಿಟಮಿನ್ ಸಿ ಮಾತ್ರೆಗಳನ್ನೂ ಬಿಡಬೇಕಿತ್ತು. ಇಲ್ಲಿ ಅಂಥ ಪಥ್ಯವೇ ಇಲ್ಲ. ಜಠರದಲ್ಲಿ ಅಥವಾ ಸಣ್ಣ ಕರುಳಿನಲ್ಲಿ ಒಸರಿದ ರಕ್ತದ ಗ್ಲೋಬಿನ್ ದಾರಿಯಲ್ಲೇ ಬಹುಪಾಲು ಜೀರ್ಣವಾಗಿಬಿಡುವುದರಿಂದ, ಫಲಿತಾಂಶವು ಮುಖ್ಯವಾಗಿ ದೊಡ್ಡ ಕರುಳಿನ ಕಡೆಗೇ ಬೆರಳು ತೋರಿಸುತ್ತದೆ. ಆದರೆ ಅದೇ ಗ್ಲೋಬಿನ್ ಬಿಸಿಲಿನ ತಾಪಕ್ಕೂ ಕೆಡುತ್ತದೆ. ಕೊಳವೆಯನ್ನು ದಿನಗಟ್ಟಲೆ ಸೆಕೆಯಲ್ಲಿ ಬಿಟ್ಟರೆ ಇದ್ದ ರಕ್ತವೂ ಇಲ್ಲವೆಂದು ವರದಿಯಾಗಬಹುದು. ಇಷ್ಟು ಮುಖ್ಯವಾದ ಎಚ್ಚರಿಕೆಯನ್ನು ಸೂಚನಾಪತ್ರದ ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿ ಅಚ್ಚು ಹಾಕಿರುವುದು ನನಗೆ ಸರಿಕಾಣಲಿಲ್ಲ. ಮುಟ್ಟಿನ ದಿನಗಳಲ್ಲಿ, ಮೂಲವ್ಯಾಧಿಯಿಂದ ರಕ್ತ ಹೋಗುತ್ತಿರುವಾಗ ಮಾದರಿ ತೆಗೆಯಬಾರದೆಂಬ ಮಾತನ್ನಂತೂ ಚೆನ್ನಾಗಿಯೇ ಎತ್ತಿ ಹೇಳಿದ್ದಾರೆ.

ನನ್ನ ದೊಡ್ಡ ತಕರಾರು ಇರುವುದು ಫಲಿತಾಂಶದ ಅರ್ಥವನ್ನು ವಿವರಿಸಿರುವ ರೀತಿಯ ಬಗ್ಗೆ. ರಕ್ತ ಕಾಣಲಿಲ್ಲವೆಂದರೆ 'ನಿಶ್ಚಿಂತೆಯಿಂದಿರಿ' ಎಂದಷ್ಟೇ ಬರೆದು ಮುಗಿಸಿದ್ದಾರೆ. ಒಂದು ಸಲದ ಪರೀಕ್ಷೆ ಈಗಾಗಲೇ ಬೆಳೆದಿರುವ ಕ್ಯಾನ್ಸರ್‌ಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರನ್ನು ಹಿಡಿಯುತ್ತದೆ. ಆದರೆ ಮುಂದೆ ಕ್ಯಾನ್ಸರ್ ಆಗಬಲ್ಲ ದೊಡ್ಡ ಪಾಲಿಪ್‌ಗಳಲ್ಲಿ ಅದರ ಕೈಗೆ ಸಿಗುವುದು ಸುಮಾರು ನಾಲ್ಕರಲ್ಲಿ ಒಂದು ಮಾತ್ರ. ಪಾಲಿಪ್ ಎಂದರೆ ಕರುಳಿನ ಒಳಪದರದ ಮೇಲೆ ಅಣಬೆಯಂತೆಯೋ ಚಪ್ಪಟೆ ದಿಬ್ಬದಂತೆಯೋ ಬೆಳೆಯುವ ಗಂಟು. ಎಲ್ಲ ಪಾಲಿಪ್‌ಗಳೂ ಕೆಡುವುದಿಲ್ಲ, ಕೆಡುವಂಥವೂ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷದಷ್ಟು ಕಾಲ ತೆಗೆದುಕೊಳ್ಳುತ್ತವೆ. ಅವು ಎಲ್ಲ ದಿನವೂ ರಕ್ತ ಒಸರುವುದಿಲ್ಲವಾದ್ದರಿಂದಲೇ ಈ ಪರೀಕ್ಷೆಯನ್ನು ವರ್ಷಕ್ಕೊಮ್ಮೆ ಅಥವಾ ಎರಡು ವರ್ಷಕ್ಕೊಮ್ಮೆ ತಪ್ಪದೆ ಮಾಡಬೇಕೆನ್ನುವುದು. ಈ ವರ್ಷ ಕಣ್ತಪ್ಪಿಸಿಕೊಂಡದ್ದು ಮುಂದಿನ ಸಲವೋ ಅದರ ಮುಂದಿನ ಸಲವೋ ಸಿಕ್ಕಿಬೀಳಬೇಕು. ಅಮೆರಿಕದ ಮಿನಸೋಟದಲ್ಲಿ ನಡೆದು 1993ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹಳೆಯ ಗ್ವಾಯಾಕ್ ಪರೀಕ್ಷೆಯನ್ನೇ ವರ್ಷ ವರ್ಷವೂ ಮಾಡಿಸಿಕೊಂಡ ಗುಂಪಿನಲ್ಲಿ ಈ ಕ್ಯಾನ್ಸರ್‌ನಿಂದಾದ ಸಾವುಗಳು ಮೂರನೆಯ ಒಂದರಷ್ಟು ಕಡಿಮೆಯಾಗಿದ್ದವು. ಆ ಫಲ ದೊರೆತದ್ದು ಪುನರಾವರ್ತನೆಯಿಂದ. ಕಿಟ್‌ನ ಪೆಟ್ಟಿಗೆಯಲ್ಲಿ ಮುಂದಿನ ವರ್ಷದ ತಾರೀಖನ್ನು ಬರೆದುಕೊಳ್ಳಲು ಒಂದು ಚೀಟಿಯೂ ಇಲ್ಲ.

ನನ್ನ ಫಲಿತಾಂಶ 'ರಕ್ತವಿದೆ' ಎಂದು ಬಂತು. ಹಾಗೆ ಬಂದವರಲ್ಲಿ ಬಹುಪಾಲು ಮಂದಿಗೆ ಕ್ಯಾನ್ಸರ್ ಇರುವುದಿಲ್ಲವೆಂಬ ಸತ್ಯವನ್ನು ಆ ಸಂದೇಶದಲ್ಲೇ ಒಂದು ಸಾಲಿನಲ್ಲಿ ಸೇರಿಸಿದ್ದರೆ ಎರಡು ರಾತ್ರಿಯ ನಿದ್ದೆ ಉಳಿಯುತ್ತಿತ್ತು. ಅದಕ್ಕಿಂತ ಕೆಟ್ಟ ಸಂಗತಿಯೆಂದರೆ, ಸಹಾಯವಾಣಿಯಲ್ಲಿ ಮಾತನಾಡಿದವರು ಖಾತ್ರಿಗಾಗಿ ಇನ್ನೊಂದು ಕಿಟ್ ತರಿಸಿ ನೋಡಬಹುದೆಂದು ಸಲಹೆ ಕೊಟ್ಟದ್ದು. ಇದು ತಪ್ಪು ಸಲಹೆ. ಒಮ್ಮೆ ರಕ್ತ ಕಂಡ ಮೇಲೆ ಎರಡನೆಯ ಪರೀಕ್ಷೆ ಏನೇ ಹೇಳಿದರೂ ಕೊಲೊನೋಸ್ಕೋಪಿ ಮಾಡಿಸಲೇಬೇಕು, ಅದನ್ನೂ ತಿಂಗಳುಗಟ್ಟಲೆ ಎಳೆಯಬಾರದು. ತಪಾಸಣೆಯೆಂಬುದು ಕೊಳವೆಯಿಂದ ಹಿಡಿದು ಕೊಲೊನೋಸ್ಕೋಪಿಯವರೆಗಿನ ಸರಪಳಿ. ಕಿಟ್ ಮಾರುವವರು ಅದರ ಮೊದಲ ಕೊಂಡಿಯನ್ನಷ್ಟೇ ಮಾರಿ ಕೈತೊಳೆದುಕೊಳ್ಳುತ್ತಿದ್ದಾರೆ.

ಕೊಲೊನೋಸ್ಕೋಪಿಯಲ್ಲಿ ಕಷ್ಟದ ಭಾಗವೆಂದರೆ ಹಿಂದಿನ ರಾತ್ರಿ. ಲೀಟರುಗಟ್ಟಲೆ ಭೇದಿ ಔಷಧಿಯನ್ನು ಕುಡಿದು ಕರುಳನ್ನು ಪೂರ್ತಿಯಾಗಿ ಖಾಲಿ ಮಾಡಿಕೊಳ್ಳಬೇಕು. ಅರ್ಧವನ್ನು ಹಿಂದಿನ ಸಂಜೆಯೂ ಉಳಿದರ್ಧವನ್ನು ಪರೀಕ್ಷೆಗೆ ನಾಲ್ಕರಿಂದ ಆರು ಗಂಟೆ ಮೊದಲೂ ಕುಡಿದರೆ ಕರುಳು ಹೆಚ್ಚು ಶುಭ್ರವಾಗುತ್ತದೆಂಬುದು ಈಗ ಸರ್ವಸಮ್ಮತ. ನಾನು ಹೋದ ಕೇಂದ್ರವು ಮಧ್ಯಾಹ್ನದ ಸರದಿಯವರಿಗೂ ಎಲ್ಲವನ್ನೂ ಹಿಂದಿನ ಸಂಜೆಯೇ ಮುಗಿಸಿರೆಂಬ ಹಳೆಯ ಚೀಟಿಯನ್ನು ಕೊಟ್ಟಿತ್ತು. ನಾನೇ ಕರೆ ಮಾಡಿ ಕೇಳಿದ ಮೇಲೆ ತಿದ್ದಿ ಹೇಳಿದರು. ಕರುಳು ಕೊಳೆಯಾಗಿದ್ದರೆ ಚಪ್ಪಟೆ ಪಾಲಿಪ್‌ಗಳು ಕಾಣದೆ ಹೋಗುತ್ತವೆಯಾದ್ದರಿಂದ ಇದು ಕ್ಷುಲ್ಲಕ ಲೋಪವಲ್ಲ. ಉಳಿದಂತೆ ಆ ಕೇಂದ್ರದ ಕೆಲಸವನ್ನು ಮೆಚ್ಚಲೇಬೇಕು. ಮಂಪರಿನ ಔಷಧಿ ಕೊಟ್ಟದ್ದರಿಂದ ಪರೀಕ್ಷೆಯ ಹೊತ್ತು ನನಗೆ ನೆನಪಿನಲ್ಲೇ ಇಲ್ಲ. ಕರುಳಿನ ಶುಭ್ರತೆಗೆ ಬಾಸ್ಟನ್ ಮಾಪಕದಲ್ಲಿ ಒಂಬತ್ತಕ್ಕೆ ಎಂಟು ಅಂಕ, ನಳಿಕೆಯು ದೊಡ್ಡ ಕರುಳಿನ ಆಚೆಯ ತುದಿಯಾದ ಸೀಕಮ್ ಮುಟ್ಟಿತೆನ್ನುವುದಕ್ಕೆ ಛಾಯಾಚಿತ್ರ, ಹಿಂದಕ್ಕೆ ಎಳೆಯುತ್ತಾ ಪರಿಶೀಲಿಸಿದ ಸಮಯ ಒಂಬತ್ತು ನಿಮಿಷ, ಇವೆಲ್ಲವೂ ವರದಿಯಲ್ಲಿವೆ. ಆ ಸಮಯ ಕನಿಷ್ಠ ಆರು ನಿಮಿಷವಾದರೂ ಇರಬೇಕೆಂಬುದು ಬಹುಕಾಲದ ನಿಯಮ.

ಹೋಗುವ ಮುನ್ನ ವೈದ್ಯರನ್ನು ಒಂದು ಪ್ರಶ್ನೆ ಕೇಳಿದ್ದೆ: ನೀವು ತಪಾಸಣೆ ಮಾಡಿದವರಲ್ಲಿ ನೂರಕ್ಕೆ ಎಷ್ಟು ಜನರಲ್ಲಿ ಅಡಿನೋಮ, ಅಂದರೆ ಕೆಡಬಹುದಾದ ಜಾತಿಯ ಪಾಲಿಪ್, ಸಿಗುತ್ತದೆ? ಈ ಪ್ರಮಾಣ ಶೇ. 1ರಷ್ಟು ಹೆಚ್ಚಿದಂತೆಲ್ಲ ರೋಗಿಗೆ ಮುಂದೆ ಕ್ಯಾನ್ಸರ್ ಬರುವ ಅಪಾಯ ಶೇ. 3ರಷ್ಟು ಇಳಿಯುತ್ತದೆಂದು 2014ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿದೆ. ವೈದ್ಯರು ಬೇಸರಿಸದೆ ತಮ್ಮ ಲೆಕ್ಕವನ್ನು ಹೇಳಿದರು. ನನ್ನ ದೃಷ್ಟಿಯಲ್ಲಿ ಒಂದು ಕೇಂದ್ರಕ್ಕೆ ಅಂಕ ಕೊಡಲು, ಅಲ್ಲಿನ ಮೆತ್ತನೆಯ ಕುರ್ಚಿಗಳಿಗಿಂತ ಈ ಉತ್ತರವೇ ಯೋಗ್ಯವಾದ ಆಧಾರ. ನನ್ನಲ್ಲಿ ತೊಟ್ಟುಳ್ಳ 12 ಮಿಲಿಮೀಟರಿನ ಅಡಿನೋಮ ಒಂದು ಸಿಕ್ಕಿ, ಅದನ್ನು ಆಗಲೇ ತಂತಿಯ ಕುಣಿಕೆಯಿಂದ ಕತ್ತರಿಸಿ ತೆಗೆದರು. ರೋಗವನ್ನು ಬೇಗ ಪತ್ತೆಹಚ್ಚುವುದಷ್ಟೇ ಅಲ್ಲದೆ ಅದು ಹುಟ್ಟುವ ಮೊದಲೇ ತಡೆಯುವ ತಪಾಸಣೆಗಳು ವಿರಳ, ಇದು ಅವುಗಳಲ್ಲೊಂದು. ಕರುಳಿಗೆ ತೂತು ಬೀಳುವ, ರಕ್ತಸ್ರಾವವಾಗುವ ಅಪಾಯ ಸ್ವಲ್ಪವಾದರೂ ಇದೆಯೆಂದು ಮೊದಲೇ ತಿಳಿಸಿ ಸಹಿ ಹಾಕಿಸಿಕೊಂಡದ್ದೂ ಸರಿಯಾದ ಕ್ರಮವೇ.

ಸೂಚನಾಪತ್ರದ ಎರಡು ಪುಟಗಳನ್ನು ಆಹಾರ ಸಲಹೆಯೇ ನುಂಗಿದೆ. ಅದರಲ್ಲಿ ಹುರುಳಿಲ್ಲವೆಂದಲ್ಲ. ಸಂಸ್ಕರಿತ ಮಾಂಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2015ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ದಿನಕ್ಕೆ 50 ಗ್ರಾಂ ತಿಂದರೆ ಈ ಕ್ಯಾನ್ಸರ್‌ನ ಅಪಾಯ ಸುಮಾರು ಶೇ. 18ರಷ್ಟು ಏರುತ್ತದೆಂದು ಅದರ ಅಂದಾಜು. ಇಡೀ ಧಾನ್ಯ, ಕಾಳು, ಸೊಪ್ಪು, ತರಕಾರಿಗಳ ನಾರಿನಂಶ ಅಪಾಯವನ್ನು ಇಳಿಸುವ ಕಡೆಗಿದೆ. ಮದ್ಯ, ತಂಬಾಕು, ಬೊಜ್ಜು, ಕುಳಿತೇ ಇರುವ ಅಭ್ಯಾಸ ಇವೆಲ್ಲ ಏರಿಸುವ ಕಡೆಗೆ. ಆದರೆ ಸೂಚನಾಪತ್ರ ಇದನ್ನೆಲ್ಲ ಹೇಳುವ ಧಾಟಿಯಲ್ಲಿ, ಸರಿಯಾಗಿ ಉಂಡವರಿಗೆ ತಪಾಸಣೆಯೇ ಬೇಡವೇನೋ ಎಂಬ ಭಾವನೆ ಹುಟ್ಟುತ್ತದೆ. ಶೇ. 18ರ ಏರಿಕೆಯೆಂದರೆ ಮೊದಲೇ ಇರುವ ಅಪಾಯದ ಮೇಲಿನ ಏರಿಕೆ. ಆ ಮೂಲ ಅಪಾಯ ತಟ್ಟೆಯನ್ನು ಎಷ್ಟು ಬದಲಾಯಿಸಿದರೂ ಶೂನ್ಯಕ್ಕೆ ಇಳಿಯುವುದಿಲ್ಲ. ಬೆಳೆದು ನಿಂತ ಪಾಲಿಪ್ ನಾರು ತಿಂದು ಕರಗುವುದೂ ಇಲ್ಲ.

ಆ ಎರಡು ಪುಟಗಳ ಜಾಗದಲ್ಲಿ ಇರಬೇಕಾಗಿದ್ದದ್ದು ಈ ಕಿಟ್ ಯಾರಿಗೆ ಸಲ್ಲದು ಎಂಬ ವಿವರ. ಮಲದಲ್ಲಿ ಕಣ್ಣಿಗೇ ರಕ್ತ ಕಾಣುತ್ತಿರುವವರು, ಕಾರಣವಿಲ್ಲದೆ ತೂಕ ಇಳಿಯುತ್ತಿರುವವರು, ಕಬ್ಬಿಣದ ಕೊರತೆಯ ರಕ್ತಹೀನತೆ ಇರುವವರು, ವಾರಗಟ್ಟಲೆ ಮಲವಿಸರ್ಜನೆಯ ರೂಢಿ ಬದಲಾಗಿರುವವರು ತಮ್ಮಷ್ಟಕ್ಕೆ ಕಿಟ್ ತರಿಸಿ ಸಮಾಧಾನ ಪಡದೆ ನೇರವಾಗಿ ವೈದ್ಯರನ್ನು ಕಾಣಬೇಕು. ಲಿಂಚ್ ಸಿಂಡ್ರೋಮ್‌ನಂತಹ ಆನುವಂಶಿಕ ತೊಂದರೆಯುಳ್ಳ ಕುಟುಂಬದವರ ದಾರಿಯೇ ಬೇರೆ. ಸಾಮಾನ್ಯ ಅಪಾಯದವರಿಗೆ ತಪಾಸಣೆ ಶುರುವಾಗುವ ವಯಸ್ಸು ದೇಶದಿಂದ ದೇಶಕ್ಕೆ ವ್ಯತ್ಯಾಸವಾಗುತ್ತದೆ. ಕಿರಿಯರಲ್ಲಿ ಈ ಕ್ಯಾನ್ಸರ್ ಹೆಚ್ಚುತ್ತಿರುವುದರಿಂದ ಅಮೆರಿಕದಲ್ಲಿ 2021ರಲ್ಲಿ ಅದನ್ನು 50ರಿಂದ 45ಕ್ಕೆ ಇಳಿಸಿದರು.

ಕಿಟ್‌ನ ಕೊಳವೆಗೆ ಐದಕ್ಕೆ ಐದು, ಸೂಚನಾಪತ್ರಕ್ಕೆ ಎರಡು, ಸಹಾಯವಾಣಿಗೆ ಒಂದು. ಕೊಲೊನೋಸ್ಕೋಪಿ ಕೇಂದ್ರಕ್ಕೆ, ಆ ಹಳೆಯ ಚೀಟಿಯ ಹೊರತಾಗಿ, ನಾಲ್ಕೂವರೆ ಕೊಡುತ್ತೇನೆ. ನನಗೆ ಮೂರು ವರ್ಷದ ನಂತರ ಮತ್ತೆ ಬರಹೇಳಿದ್ದಾರೆ. ಬೀಳ್ಕೊಡುವಾಗ ವೈದ್ಯರು, ಹತ್ತು ಮಿಲಿಮೀಟರಿಗಿಂತ ದೊಡ್ಡ ಅಡಿನೋಮ ಸಿಕ್ಕಿರುವುದರಿಂದ ಒಡಹುಟ್ಟಿದವರೂ ಮಕ್ಕಳೂ ನಲವತ್ತರಿಂದಲೇ ತಪಾಸಣೆ ಶುರುಮಾಡಬೇಕೆಂದು ಹೇಳಿ, ಅದನ್ನು ವರದಿಯಲ್ಲೂ ಬರೆದುಕೊಟ್ಟರು. ನನ್ನ ತಂಗಿಗೆ ಈಗ ನಲವತ್ಮೂರು. ನಾನು ಕೊಟ್ಟ ಸೂಚನಾಪತ್ರವನ್ನು ಅವಳು ಎರಡು ಸಲ ಓದಿ, ಇದರಲ್ಲಿ ನನ್ನಂಥವರ ಬಗ್ಗೆ ಒಂದು ಸಾಲೂ ಇಲ್ಲವಲ್ಲ ಅಣ್ಣಾ ಎಂದಳು. ಅವಳು ಕಿಟ್ ತರಿಸಲಿಲ್ಲ. ಕೊಲೊನೋಸ್ಕೋಪಿಗೇ ದಿನ ಗೊತ್ತುಮಾಡಿಕೊಂಡಿದ್ದಾಳೆ.