ಐನ್ಯಾಚುರಲಿಸ್ಟ್: ಅಪರೂಪದ ಕಾಡುದುಂಬಿಗೆ ಅದರಿಂದ ಎಷ್ಟು ಉಪಕಾರ?

ಕಂಡ ಜೀವಿಯ ಫೋಟೋ ಹಾಕಿ ಹೆಸರು ತಿಳಿದುಕೊಳ್ಳುವ ಉಚಿತ ಸೇವೆಗಳಲ್ಲಿ ಐನ್ಯಾಚುರಲಿಸ್ಟ್ ಹೆಚ್ಚು ಬಳಕೆಯಲ್ಲಿರುವಂಥದ್ದು. 2008ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿದ್ಯಾರ್ಥಿಗಳ ಯೋಜನೆಯಾಗಿ ಹುಟ್ಟಿದ ಇದು 2023ರಿಂದ ಸ್ವತಂತ್ರ ಲಾಭರಹಿತ ಸಂಸ್ಥೆಯಾಗಿದೆ. ಹಕ್ಕಿ, ಹೂವುಗಳ ಮಟ್ಟಿಗೆ ಇದರ ಉಪಯೋಗವನ್ನು ಬೇರೆಯಾಗಿ ಹೊಗಳಬೇಕಿಲ್ಲ. ಆದರೆ ಆಯುಷ್ಯದ ಬಹುಪಾಲನ್ನು ಸತ್ತ ಮರದೊಳಗೆ ಕಳೆಯುವ ಒಂದು ದುಂಬಿಯ ಸಂರಕ್ಷಣೆಗೆ ಇದು ಎಷ್ಟರಮಟ್ಟಿಗೆ ನೆರವಾಗುತ್ತದೆ ಎಂಬುದನ್ನು ನೋಡಲು, ಯೂರೋಪಿನಲ್ಲಿ ಬೀಚ್ ಎಂಬ ಮರಗಳ ಕಾಡುಗಳಲ್ಲಿರುವ ರೊಸಾಲಿಯಾ ಆಲ್ಪಿನಾ ಎಂಬ ಉದ್ದ ಮೀಸೆಯ ದುಂಬಿಯನ್ನೇ ಮುಂದಿಟ್ಟುಕೊಂಡು ಈ ಸೇವೆಯನ್ನು ಪರಿಶೀಲಿಸಿದ್ದೇನೆ.

ಗುರುತಿಸುವ ಕೆಲಸದಲ್ಲಿ ಪೂರ್ಣ ಅಂಕ ಕೊಡಬಹುದು. 1758ರಲ್ಲಿ ಸ್ವೀಡನ್ನಿನ ಜೀವಿವಿಜ್ಞಾನಿ ಲಿನೇಯಸ್ ಹೆಸರಿಟ್ಟ ಈ ದುಂಬಿಯ ಬೂದಿಮಿಶ್ರಿತ ನೀಲಿ ಮೈ, ಅದರ ಮೇಲಿನ ಮಖಮಲ್ಲಿನಂಥ ಕಪ್ಪು ಮಚ್ಚೆಗಳು, ಮೀಸೆಯ ಗೆಣ್ಣುಗಳಲ್ಲಿ ಎದ್ದು ನಿಂತಿರುವ ಕಪ್ಪು ಕೂದಲಿನ ಕುಚ್ಚುಗಳು, ಇವೆಲ್ಲ ಯೂರೋಪಿನ ಬೇರಾವ ದುಂಬಿಯಲ್ಲೂ ಒಟ್ಟಾಗಿ ಸಿಗುವುದಿಲ್ಲವಾದ್ದರಿಂದ ಮಸುಕಾದ ಫೋಟೋದಿಂದಲೂ ಹೆಸರು ಸಿಗುತ್ತದೆ. ಕಾಂಡಕೊರಕವೆಂದರೆ ಬೆಳೆಗೆ ಪೀಡೆಯೆಂದೇ ಬಲ್ಲವರಿಗೆ ಒಂದು ಮಾತು: ಇದೂ ಅಂಥ ಕೆಲವು ಕೊರಕಗಳ ಕುಟುಂಬದ್ದೇ ಆದರೂ ಇದರ ಮರಿಹುಳು ತಿನ್ನುವುದು ಸತ್ತ, ಇಲ್ಲವೇ ಸಾಯುತ್ತಿರುವ ಮರವನ್ನು.

ತೊಡಕಿರುವುದು, ದುಂಬಿ ಕಂಡ ಜಾಗಗಳನ್ನು ಈ ಸೇವೆ ಚುಕ್ಕೆಗಳಾಗಿ ತೋರಿಸುವ ನಕ್ಷೆಯಲ್ಲಿ. ಬಿಸಿಲು ಬೀಳುವ ಒಣ ಬೀಚ್ ಮರವನ್ನು ಹುಡುಕಿ ಹೆಣ್ಣು ಮೊಟ್ಟೆಯಿಡುತ್ತದೆ. ಮರಿಹುಳು ಮೂರು ವರ್ಷವೋ ಇನ್ನೂ ಹೆಚ್ಚೋ ಒಳಗೇ ಇದ್ದು, ಹೊರಬಂದ ದುಂಬಿ ಬೇಸಿಗೆಯ ಕೆಲವೇ ವಾರ ಬದುಕುತ್ತದೆ. ಕಾಡಿನ ದಾರಿಯ ಪಕ್ಕ ಒಟ್ಟಿದ, ಈಗಷ್ಟೇ ಕಡಿದ ಬೀಚ್ ದಿಮ್ಮಿಗಳು ಹೆಣ್ಣಿಗೆ ಅತ್ಯುತ್ತಮ ತಾಣವಾಗಿ ಕಾಣುತ್ತವೆ. ಮರಿಗಳು ಬೆಳೆದು ಹೊರಬರುವ ಮೊದಲೇ ಆ ದಿಮ್ಮಿಗಳು ಲಾರಿಯೇರಿ ಸಾಮಿಲ್ಲಿಗೋ ಒಲೆಗೋ ಹೋಗುತ್ತವೆ, ಒಳಗಿದ್ದ ಸಂತತಿಯೂ ಅವುಗಳೊಂದಿಗೆ ನಾಶವಾಗುತ್ತದೆ. ಚಾರಣಿಗರು ಫೋಟೋ ತೆಗೆಯಲು ಅನುಕೂಲವಾದ ಜಾಗವೂ ಇಂಥ ದಾರಿಬದಿಯ ರಾಶಿಯೇ. ಹೀಗಾಗಿ ನಕ್ಷೆಯಲ್ಲಿ ದಟ್ಟವಾಗಿರುವ ಚುಕ್ಕೆಗಳನ್ನು ಕಂಡು ದುಂಬಿ ಅಲ್ಲಿ ಸುಖವಾಗಿದೆ ಎಂದುಕೊಳ್ಳುವಂತಿಲ್ಲ. ಅದು ಬಲೆಗೆ ಬೀಳುತ್ತಿರುವ ಜಾಗವೂ ಅದೇ ಆಗಿರಬಹುದು. ದುಂಬಿ ಕೂತಿದ್ದು ನಿಂತು ಒಣಗಿದ ಮರದ ಮೇಲೋ ಕಡಿದ ರಾಶಿಯ ಮೇಲೋ ಎಂದು ಈ ಸೇವೆ ಕಡ್ಡಾಯವಾಗಿ ಕೇಳುವುದಿಲ್ಲ. ಹೆಚ್ಚುವರಿ ವಿವರ ತುಂಬುವ ಜಾಗಗಳಿವೆ, ಆದರೆ ತುಂಬುವುದು ಬಿಡುವುದು ವೀಕ್ಷಕರ ಇಷ್ಟ. ಸಂರಕ್ಷಣೆಗೆ ಅತಿ ಮುಖ್ಯವಾದ ಈ ಸಂಗತಿಯನ್ನು ಐಚ್ಛಿಕವಾಗಿ ಬಿಟ್ಟಿರುವುದು ನನ್ನ ದೃಷ್ಟಿಯಲ್ಲಿ ದೊಡ್ಡ ಕೊರತೆ.

ಸ್ಥಳ ಮರೆಮಾಡುವ ಸೌಲಭ್ಯ ಮಾತ್ರ ಅಚ್ಚುಕಟ್ಟಾಗಿದೆ. ನೋಡಲು ಚೆಂದವಾಗಿರುವುದರಿಂದ ಸಂಗ್ರಾಹಕರ ಕಣ್ಣಿಗೂ ಬೀಳುವ ಇಂಥ ಕೀಟದ ನಿಖರ ಜಾಗವನ್ನು ಮಸುಕುಗೊಳಿಸುವ ಆಯ್ಕೆಯನ್ನು ಒತ್ತಿದರೆ, ಚುಕ್ಕೆಯು ಅಕ್ಷಾಂಶ, ರೇಖಾಂಶಗಳಲ್ಲಿ ತಲಾ 0.2 ಡಿಗ್ರಿಯಷ್ಟಿರುವ ಚೌಕದೊಳಗೆ ಎಲ್ಲೋ ಒಂದೆಡೆ ಬೀಳುತ್ತದೆ. ಅದು ಉತ್ತರ–ದಕ್ಷಿಣವಾಗಿ ಸುಮಾರು 22 ಕಿಲೋಮೀಟರಿನ ಅಂತರ. ಕಳ್ಳರಿಗೆ ಇದು ನಿರುಪಯುಕ್ತ ನಿಜ, ಆದರೆ ಯಾವ ಮರವನ್ನು ಕಡಿಯದೆ ಉಳಿಸಬೇಕೆಂದು ಲೆಕ್ಕ ಹಾಕುವ ಅರಣ್ಯಾಧಿಕಾರಿಗೂ ಅಷ್ಟೇ ನಿರುಪಯುಕ್ತ. ನಂಬಿಕೆಯಿರುವ ಯೋಜನೆಗೆ ನಿಖರ ಸ್ಥಳ ತೋರಿಸಲು ಅನುಮತಿ ಕೊಡಬಹುದು. ಆ ಸೆಟ್ಟಿಂಗ್ ಹೊಸಬರ ಗಮನಕ್ಕೆ ಬರುವಷ್ಟು ಮುಂದಿಲ್ಲ. ಮಸುಕುಗೊಳಿಸಿದ ಮೇಲೂ ವಿವರಣೆಯಲ್ಲಿ ಹಾದಿಯ ಹೆಸರು ಬರೆದರೆ ಎಲ್ಲ ವ್ಯರ್ಥ.

ಯೂರೋಪಿಯನ್ ಒಕ್ಕೂಟದ 1992ರ ಆವಾಸಸ್ಥಾನ ನಿರ್ದೇಶನ ಎಂಬ ಕಾನೂನು ಈ ದುಂಬಿಯನ್ನು ಆದ್ಯತೆಯ ಪ್ರಭೇದವೆಂದು ಪಟ್ಟಿಮಾಡಿದೆ. ದುಂಬಿಯನ್ನು ಉಳಿಸಲು ಬೇಕಾದ ಉಪಾಯಗಳು ಸರಳ: ಬಿಸಿಲಿನಲ್ಲಿ ನಿಂತ ಒಣಮರಗಳನ್ನು ಉಳಿಸುವುದು, ಕಡಿಯಲೇಬೇಕಾದಲ್ಲಿ ಎತ್ತರದ ಮೋಟು ಬಿಡುವುದು, ದಿಮ್ಮಿಗಳನ್ನು ಬೇಸಿಗೆಯ ಹಾರಾಟದ ಮೊದಲೇ ಸಾಗಿಸುವುದು. ಇವುಗಳಲ್ಲಿ ಯಾವುದನ್ನೂ ಆ್ಯಪ್ ತಾನಾಗಿ ಮಾಡಿಸುವುದಿಲ್ಲ, ನೀವು ಹಾಕಿದ ಫೋಟೋ ಆ ಕಾಡನ್ನು ನೋಡಿಕೊಳ್ಳುವವರಿಗೆ ತಾನಾಗಿ ತಲುಪುವುದೂ ಇಲ್ಲ. ದಾಖಲೆಗಾಗಿ ಐನ್ಯಾಚುರಲಿಸ್ಟನ್ನು ಧಾರಾಳವಾಗಿ ಬಳಸಬಹುದು; ದುಂಬಿ ಕಂಡದ್ದು ದಿಮ್ಮಿಯ ರಾಶಿಯ ಮೇಲಾದರೆ ಅದನ್ನು ವಿವರಣೆಯಲ್ಲಿ ಬರೆದು, ಅಲ್ಲಿನ ಅರಣ್ಯ ಕಚೇರಿಗೆ ಅದೇ ದಿನ ಬೇರೆಯಾಗಿ ತಿಳಿಸಬೇಕು.