ಇಂಡಿಜಿಗ್ರೋ ನರ್ಸರಿ: ಸಿಡ್ನಿಯ ಮರಳಿಗೆ ಒಗ್ಗುವ ಸಸಿಗಳು

ಸಿಡ್ನಿಯ ಲಾ ಪೆರೂಸ್‌ನಲ್ಲಿ ಅಬೊರಿಜಿನಲ್ (ಆಸ್ಟ್ರೇಲಿಯಾದ ಮೂಲನಿವಾಸಿ) ಸಮುದಾಯದವರೇ ನಡೆಸುವ, ಲಾಭದ ಉದ್ದೇಶವಿಲ್ಲದ ನರ್ಸರಿ ಇದು. ಸಮುದಾಯದ ಯುವಜನರಿಗೆ ಇಲ್ಲಿ ಸಂಬಳದ ಜೊತೆಗೆ ತೋಟಗಾರಿಕೆಯ ತರಬೇತಿಯೂ ಸಿಗುತ್ತದೆ. ಇವರ ದೊಡ್ಡ ಕೆಲಸವೆಂದರೆ ಈಸ್ಟರ್ನ್ ಸಬರ್ಬ್ಸ್ ಬ್ಯಾಂಕ್ಸಿಯಾ ಸ್ಕ್ರಬ್ ಎಂಬ ಕುರುಚಲು ಕಾಡಿನ ಗಿಡಗಳನ್ನು ಬೆಳೆಸುವುದು. ನಗರದ ಪೂರ್ವದ ಮರಳುದಿಬ್ಬಗಳನ್ನು ತುಂಬಿದ್ದ ಆ ಕಾಡು ಈಗ ಶೇ 3ರಷ್ಟೂ ಉಳಿದಿಲ್ಲ. ಅದರ ಸಸಿ ಬೇಕೆಂದರೆ ಮೊದಲು ಇಲ್ಲಿಗೇ ಹೋಗಿ.

ಕೊಳ್ಳುವಾಗ ಒಂದು ಎಚ್ಚರ ಬೇಕು. ಅಡುಗೆಗೆ ಬಳಸುವ ಲೆಮನ್ ಮರ್ಟಲ್, ಫಿಂಗರ್ ಲೈಮ್ ಸಸಿಗಳೂ ಇಲ್ಲಿವೆ, ಚೆನ್ನಾಗಿಯೂ ಇವೆ. ಆದರೆ ಲೆಮನ್ ಮರ್ಟಲ್ ಕ್ವೀನ್ಸ್‌ಲ್ಯಾಂಡಿನ ಮಳೆಕಾಡಿನದು, ಫಿಂಗರ್ ಲೈಮ್ ಕೂಡ ಸಿಡ್ನಿಗಿಂತ ಉತ್ತರದ್ದು. ಅವು ಮನೆಯ ಹಿತ್ತಲಿಗೆ ಸರಿ, ಕಾಡು ಮರಳಿ ಕಟ್ಟುವ ಜಾಗಕ್ಕಲ್ಲ. ಅಲ್ಲಿಗೆ ಬ್ಯಾಂಕ್ಸಿಯಾ ಏಮುಲಾ, ವೆಡ್ಡಿಂಗ್ ಬುಷ್, ಹುಲ್ಲುಮರ (ಗ್ರಾಸ್ ಟ್ರೀ) ಇಂಥವನ್ನೇ ಕೇಳಿ ತನ್ನಿ.

ಇಂಥ ಸಸಿಗಳು ಸಾಮಾನ್ಯವಾಗಿ 5 ಸೆಂ.ಮೀ. ಅಗಲ, 12 ಸೆಂ.ಮೀ. ಆಳದ ಟ್ಯೂಬಿನಲ್ಲಿ ಬರುತ್ತವೆ. ಗೇಣುದ್ದದ ಗಿಡ ನೋಡಿ ಮೂಗು ಮುರಿಯಬೇಡಿ. ದೊಡ್ಡ ಕುಂಡದಲ್ಲಿ ಬೇರು ಸುರುಳಿ ಸುತ್ತಿಕೊಂಡ ಗಿಡಕ್ಕಿಂತ ಇದೇ ಬೇಗ ನೆಲ ಹಿಡಿಯುತ್ತದೆ. ಬಿಸಿಲು ಇಳಿದ ಮಾರ್ಚ್–ಮೇ (ಅಲ್ಲಿ ಅದು ಶರತ್ಕಾಲ) ನೆಡಲು ಒಳ್ಳೆಯ ಕಾಲ. ಗುಳ್ಳೆ ಏಳುವುದು ನಿಲ್ಲುವ ತನಕ ಟ್ಯೂಬನ್ನು ನೀರಲ್ಲಿ ಮುಳುಗಿಸಿಡಿ. ಗುಂಡಿ ಟ್ಯೂಬಿನ ಎರಡರಷ್ಟು ಅಗಲವಿರಲಿ. ಕಾಂಡ ಮೊದಲಿದ್ದ ಮಟ್ಟಕ್ಕಿಂತ ಕೆಳಗೆ ಹೂತರೆ ಬುಡ ಕೊಳೆಯುತ್ತದೆ. ನೆಟ್ಟ ಕೂಡಲೇ ಎರಡು ಲೀಟರ್ ನೀರು, ಮೇಲೆ ನಾಲ್ಕೈದು ಸೆಂ.ಮೀ. ಹೊದಿಕೆ. ಹೊದಿಕೆ ಕಾಂಡಕ್ಕೆ ತಾಗಬಾರದು.

ಬ್ಯಾಂಕ್ಸಿಯಾ ಹೆಚ್ಚಾಗಿ ಸಾಯುವುದು ಅತಿ ಆರೈಕೆಯಿಂದ. ಮಣ್ಣಿನ ಮೇಲ್ಪದರದಲ್ಲಿ ಅದರ ಸಣ್ಣ ಬೇರುಗಳು ಬಾಟಲಿ ತೊಳೆಯುವ ಬ್ರಶ್ಶಿನ ಹಾಗೆ ಒತ್ತೊತ್ತಾಗಿ ಮೂಡುತ್ತವೆ. ಬಡ ಮರಳಿನಲ್ಲಿ ಕಣಕಣವಾಗಿ ರಂಜಕ ಹೀರುವುದಕ್ಕೆಂದೇ ಹುಟ್ಟಿದ ಬೇರು ಅದು. ಬುಡಕ್ಕೆ ರಂಜಕವಿರುವ ಸಾಮಾನ್ಯ ಗೊಬ್ಬರ ಒಂದು ಹಿಡಿ ಬಿದ್ದರೆ ಸಾಕೆನ್ನಲು ಅದಕ್ಕೆ ಬಾರದು, ಹೀರುತ್ತಲೇ ಹೋಗುತ್ತದೆ. ಹಳೆಯ ಎಲೆಯ ಅಂಚು ಸುಟ್ಟಂತಾಗುತ್ತದೆ, ಚಿಗುರು ಹಳದಿಗೆ ತಿರುಗುತ್ತದೆ. ಹಳದಿ ಕಂಡವರು ಪೋಷಕಾಂಶ ಸಾಲದೆಂದು ಇನ್ನಷ್ಟು ಗೊಬ್ಬರ ಹಾಕುತ್ತಾರೆ, ಅಲ್ಲಿಗೆ ಗಿಡದ ಕಥೆ ಮುಗಿಯಿತು. ಕಾಂಪೋಸ್ಟ್, ಕೋಳಿಗೊಬ್ಬರ ಎರಡೂ ಬೇಡ. ಅದೇ ಬೇರುಗಳ ಸಲುವಾಗಿ ಬುಡದಲ್ಲಿ ಗುದ್ದಲಿಯನ್ನೂ ಆಡಿಸಬೇಡಿ. ಕಳೆಯನ್ನು ಎಳೆಯದಾಗಿರುವಾಗಲೇ ಕೈಯಿಂದ ಕೀಳಿ.

ಲೆಮನ್ ಮರ್ಟಲ್ ಕೊಂಡವರು ಚಿಗುರನ್ನು ಆಗಾಗ ತಿರುಗಿಸಿ ನೋಡಬೇಕು. ಅರಿಶಿನದಂಥ ಹಳದಿ ಪುಡಿ ಕಂಡರೆ ಅದು 2010ರಲ್ಲಿ ಆಸ್ಟ್ರೇಲಿಯಾದಲ್ಲಿ ಕಾಣಿಸಿಕೊಂಡ ಮರ್ಟಲ್ ರಸ್ಟ್ ಎಂಬ ಶಿಲೀಂಧ್ರ ರೋಗ. ಬೀಜಕಣ ಗಾಳಿಗೆ, ಬಟ್ಟೆಗೆ ಅಂಟಿ ಹರಡುವುದರಿಂದ ಆ ಗಿಡವನ್ನು ಅಲುಗಾಡಿಸುತ್ತ ಬೇರೆ ಕಡೆ ಸಾಗಿಸಬೇಡಿ.

ಹುಲ್ಲುಮರಕ್ಕೆ ಮಾತ್ರ ಜಾಗವನ್ನು ಮೊದಲೇ ಗೊತ್ತುಮಾಡಿಕೊಂಡು ಕೊಳ್ಳಿ. ಬೆಳವಣಿಗೆ ಬಹಳ ನಿಧಾನ, ಒಮ್ಮೆ ಊರಿದ ಮೇಲೆ ಕಿತ್ತು ನೆಟ್ಟರೆ ಸಹಿಸುವುದು ಕಷ್ಟ.